ನಾಲೆಯ ದೋಣಿ ಪ್ರವಾಸ: ರಾತ್ರಿ ತಂಗುವ ಜಾಗ ಬೆಳಿಗ್ಗೆಯೇ ಗೊತ್ತಿರಲಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ನಾಲೆಗಳಲ್ಲಿ ಬಾಡಿಗೆ ದೋಣಿ ಹಿಡಿದು ಒಂದು ವಾರ ಕಳೆಯುವ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ನಮ್ಮ ಮನೆಯಲ್ಲಿ ಎಲ್ಲರೂ ಆಸಕ್ತಿಯಿಂದ ಓದಿದೆವು. ಲೇಖನ ಚೆನ್ನಾಗಿತ್ತು, ಚಿತ್ರಗಳು ಇನ್ನೂ ಚೆನ್ನಾಗಿದ್ದವು. ಆದರೆ ಮನಸ್ಸು ಬಂದ ಕಡೆ ದೋಣಿ ಕಟ್ಟಿ ಮಲಗಬಹುದು, ಬೇಕಾದದ್ದನ್ನು ದಾರಿಯಲ್ಲೇ ಕೊಳ್ಳಬಹುದು ಎಂಬ ಅರ್ಥ ಬರುವ ಮಾತು ಅದರಲ್ಲಿದೆ. ಅದನ್ನು ಓದಿದ ಮೇಲೆ ನಮ್ಮ ಬೀದಿಯ ಎರಡು ಮನೆಯವರು, ಮಕ್ಕಳು ಅಲ್ಲಿಯೇ ಇರುವುದರಿಂದ, ಈ ವರ್ಷ ತಾವೂ ಹೋಗಿಬರುತ್ತೇವೆಂದು ನನ್ನ ಬಳಿ ವಿಚಾರಿಸಿದರು. ಕಳೆದ ಆಗಸ್ಟ್ ತಿಂಗಳಲ್ಲಿ ಅಂಥದೇ ಪ್ರವಾಸ ಮಾಡಿಬಂದ ನಾನು ಅವರಿಗೆ ಹೇಳಿದ್ದನ್ನೇ, ಮಂಡ್ಯ ಮೈಸೂರು ಕಡೆಯ ಇತರ ಓದುಗರಿಗೂ ಉಪಯೋಗವಾಗಲೆಂದು, ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ರಾತ್ರಿಯ ತಂಗುದಾಣ, ಕುಡಿಯುವ ನೀರು, ಅಡುಗೆಯ ಸಾಮಾನು ಈ ಮೂರನ್ನು ಬೆಳಿಗ್ಗೆ ಹೊರಡುವ ಮೊದಲೇ ಲೆಕ್ಕ ಹಾಕಿಕೊಳ್ಳದಿದ್ದರೆ ಆ ಪ್ರವಾಸದಲ್ಲಿ ನೆಮ್ಮದಿ ಇರುವುದಿಲ್ಲ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ನಮ್ಮ ಯಜಮಾನರು ನೀರಾವರಿ ಕೆಲಸದಲ್ಲಿದ್ದು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಓಡಾಡಿಯೇ ನಿವೃತ್ತರಾದವರು. ಮ್ಯಾಂಚೆಸ್ಟರಿನಲ್ಲಿರುವ ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗ ಸೇರಿ ನಾವು ಒಟ್ಟು ಐದು ಜನ. ಹಿಡಿದ ದೋಣಿ 60 ಅಡಿ ಉದ್ದ, ಏಳು ಅಡಿಗೂ ತುಸು ಕಡಿಮೆ ಅಗಲ. ಅಲ್ಲಿನ ಹಳೆಯ ನಾಲೆಗಳ ಲಾಕುಗಳು ಏಳು ಅಡಿ ಅಗಲದವಾದ್ದರಿಂದ ದೋಣಿಗಳನ್ನೂ ಆ ಅಳತೆಗೇ ಕಟ್ಟುತ್ತಾರೆ. ಲಾಕ್ ಎಂದರೆ ಎರಡು ತುದಿಗೂ ಬಾಗಿಲಿರುವ ದೊಡ್ಡ ಕಲ್ಲಿನ ತೊಟ್ಟಿ. ದೋಣಿಯನ್ನು ಒಳಗೆ ತಂದು ಬಾಗಿಲು ಮುಚ್ಚಿ, ತೂಬು ಎತ್ತಿ ನೀರು ತುಂಬಿಸಿದರೆ ದೋಣಿ ಮೇಲಿನ ಮಟ್ಟಕ್ಕೆ ಏರುತ್ತದೆ, ನೀರು ಬಿಟ್ಟರೆ ಕೆಳಗಿಳಿಯುತ್ತದೆ. ಆ ತೂಬನ್ನು ತಿರುಗಿಸುವ ಕಬ್ಬಿಣದ ಹಿಡಿಯನ್ನು ಬಾಡಿಗೆಗೆ ಕೊಡುವವರೇ ದೋಣಿಯಲ್ಲಿ ಇಟ್ಟಿರುತ್ತಾರೆ, ಮತ್ತು ಲಾಕಿನ ಕೆಲಸವನ್ನು ಬಹುಪಾಲು ಕಡೆ ಪ್ರಯಾಣಿಕರೇ ಮಾಡಿಕೊಳ್ಳಬೇಕು.

ಇಲ್ಲಿಂದಲೇ ಲೆಕ್ಕ ಶುರುವಾಗುತ್ತದೆ. ಅಲ್ಲಿನ ನಾಲೆಗಳಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕದಲ್ಲಿ ಹಾದುಹೋಗುವಾಗ ಅದಕ್ಕಿಂತ ಬಹಳ ನಿಧಾನವಾಗಿ ಹೋಗಬೇಕಾದ್ದರಿಂದ ಸರಾಸರಿ 3 ಮೈಲಿಗಿಂತ ಹೆಚ್ಚು ಸಾಗುವುದಿಲ್ಲ. ಒಂದು ಲಾಕು ದಾಟಲು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆದ್ದರಿಂದ ಅನುಭವಸ್ಥರು ಒಂದು ಲಾಕನ್ನು ಒಂದು ಮೈಲಿಗೆ ಸಮ ಎಂದು ಹಿಡಿದು, ಮೈಲಿಗಳನ್ನೂ ಲಾಕುಗಳನ್ನೂ ಕೂಡಿಸಿ, ಬಂದ ಮೊತ್ತವನ್ನು 3ರಿಂದ ಭಾಗಿಸುತ್ತಾರೆ. ಬರುವ ಉತ್ತರವೇ ಪ್ರಯಾಣದ ಗಂಟೆಗಳು. ನಾವು ಹೋಗಬೇಕೆಂದಿದ್ದುದು ಇಂಗ್ಲೆಂಡಿನಿಂದ ವೇಲ್ಸ್ ಪ್ರದೇಶದೊಳಕ್ಕೆ ಸಾಗುವ ಲ್ಯಾಂಗೋಲೆನ್ ನಾಲೆಯಲ್ಲಿ. ಮೊದಲು ಅಳಿಯ ನ್ಯಾಂಟ್‌ವಿಚ್ ಊರಿನ ಕಡೆಯಿಂದ ಹೊರಡೋಣವೆಂದಿದ್ದರು. ಅಲ್ಲಿಂದ ಲ್ಯಾಂಗೋಲೆನ್ ಊರಿಗೆ ಸುಮಾರು 46 ಮೈಲಿ, 21 ಲಾಕುಗಳು. ಹೋಗಿ ಬರುವುದಕ್ಕೆ 92 ಮೈಲಿ, 42 ಲಾಕು, ಕೂಡಿದರೆ 134, ಭಾಗಿಸಿದರೆ ಸುಮಾರು 45 ಗಂಟೆ. ಶನಿವಾರ ಮಧ್ಯಾಹ್ನ ದೋಣಿ ಕೈಗೆ ಬಂದು ಮುಂದಿನ ಶನಿವಾರ ಬೆಳಿಗ್ಗೆ ಒಪ್ಪಿಸಬೇಕಾದ್ದರಿಂದ ನಮಗೆ ಸಿಗುವುದು ಪೂರ್ತಿ ಆರು ದಿನ ಮಾತ್ರ. ಎಂದರೆ ದಿನಕ್ಕೆ ಏಳೂವರೆ ಗಂಟೆ ದೋಣಿ ನಡೆಸಬೇಕು. ಅರವತ್ತು ದಾಟಿದವರಿಗೂ ಮಗುವಿಗೂ ಅದು ಪ್ರವಾಸವಲ್ಲ, ದುಡಿಮೆ. ಅದರ ಬದಲು ವಿಟ್‌ಚರ್ಚ್ ಊರಿನ ಬಳಿಯಿಂದ ಹೊರಟರೆ ಸುಮಾರು 30 ಮೈಲಿ, ಎರಡೇ ಲಾಕು. ಏಕೆಂದರೆ ಗ್ರಿಂಡ್ಲಿ ಬ್ರೂಕ್ ಎಂಬಲ್ಲಿನ ಆರು ಲಾಕುಗಳು ಆಗಲೇ ನಮ್ಮ ಬೆನ್ನ ಹಿಂದೆ ಇರುತ್ತವೆ. ಹೋಗಿಬರಲು 64, ಭಾಗಿಸಿದರೆ 21 ಗಂಟೆ ಚಿಲ್ಲರೆ. ದಿನಕ್ಕೆ ನಾಲ್ಕು ಗಂಟೆಗಿಂತ ಕಡಿಮೆ. ದೋಣಿಯನ್ನು ಯಾವ ಊರಿನಲ್ಲಿ ಬಾಡಿಗೆಗೆ ಹಿಡಿಯುತ್ತೇವೆ ಎಂಬುದರಲ್ಲೇ ಅರ್ಧ ಪ್ರವಾಸ ತೀರ್ಮಾನವಾಗಿಬಿಡುತ್ತದೆ. ಹಣ ಕಟ್ಟುವ ಮುಂಚೆ ಈ ಕೂಡು ಭಾಗಿಸು ಲೆಕ್ಕವನ್ನು ಪ್ರತಿಯೊಬ್ಬರೂ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಈ ನಾಲೆಯ ವಿಶೇಷವಾದ ಇನ್ನೊಂದು ಸಂಗತಿ ನಮ್ಮ ಯಜಮಾನರ ಕಣ್ಣಿಗೆ ಮೊದಲ ದಿನವೇ ಬಿತ್ತು. ಅಲ್ಲಿನ ಬಹಳಷ್ಟು ನಾಲೆಗಳಲ್ಲಿ ನೀರು ಕೆರೆಯಂತೆ ನಿಂತಿರುತ್ತದೆ. ಲ್ಯಾಂಗೋಲೆನ್ ನಾಲೆಯಲ್ಲಿ ಹರಿಯುತ್ತದೆ. ಲ್ಯಾಂಗೋಲೆನ್ ಊರಿನ ಆಚೆ ಹಾರ್ಸ್‌ಶೂ ಫಾಲ್ಸ್ ಎಂಬ ಬಾಗಿದ ಒಡ್ಡಿನ ಬಳಿ ಡೀ ನದಿಯ ನೀರು ನಾಲೆಗೆ ಸೇರಿ, ಹರ್ಲ್‌ಸ್ಟನ್ ಎಂಬಲ್ಲಿನ ಜಲಾಶಯದವರೆಗೆ ಹರಿದು ಹೋಗಿ, ಶುದ್ಧೀಕರಣವಾಗಿ ಜನರಿಗೆ ಕುಡಿಯಲು ಒದಗುತ್ತದೆ. 1944ರ ಕಾಯಿದೆಯಲ್ಲಿ ದೋಣಿ ಸಂಚಾರಕ್ಕೆ ಈ ನಾಲೆಯನ್ನು ಕೈಬಿಟ್ಟಿದ್ದರೂ ಅದು ಹೂಳು ತುಂಬಿ ಹಾಳಾಗದೆ ಉಳಿದದ್ದು ಈ ನೀರಿನ ಕೆಲಸದಿಂದಲೇ. ಟ್ರೆವರ್ ಊರು ದಾಟಿದ ಮೇಲಿನ ಕೊನೆಯ ಐದು ಮೈಲಿಯಲ್ಲಿ ನಾಲೆ ಇಕ್ಕಟ್ಟಾಗಿ, ಹರಿವು ಜೋರಾಗಿರುತ್ತದೆ. ಅಲ್ಲಿ ಯಜಮಾನರು ದಡಕ್ಕಿಳಿದು, ನೀರಿಗೆ ಒಂದು ಒಣ ಎಲೆ ಹಾಕಿ, ಕೈಗಡಿಯಾರ ನೋಡುತ್ತ ಅದರ ಜೊತೆಗೇ ಹೆಜ್ಜೆ ಹಾಕಿದರು. ನಮ್ಮ ಉಪನಾಲೆಗಳಲ್ಲಿ ಹರಿವಿನ ಅಂದಾಜು ಬೇಕಾದಾಗ ಅವರು ಮಾಡುತ್ತಿದ್ದುದೂ ಹೀಗೆಯೇ. ನಿಮಿಷಕ್ಕೆ ಸುಮಾರು 20 ಮೀಟರ್ ಬಂತು, ಎಂದರೆ ಗಂಟೆಗೆ ಮುಕ್ಕಾಲು ಮೈಲಿ. ದೋಣಿಯ ಮೂರು ಮೈಲಿಯಲ್ಲಿ ಹೋಗುವಾಗ ಅದನ್ನು ಕಳೆಯಬೇಕು, ಬರುವಾಗ ಕೂಡಿಸಬೇಕು. ಆ ಐದು ಮೈಲಿ ಮೇಲಕ್ಕೆ ಎರಡು ಗಂಟೆಯ ಮೇಲಾಯಿತು, ಹಿಂತಿರುಗುವಾಗ ಒಂದೂವರೆ ಗಂಟೆಯೂ ಆಗಲಿಲ್ಲ. ಮೇಲ್ಮುಖವಾಗಿ ಹೋಗುವ ದಿನದ ತಂಗುದಾಣವನ್ನು ಹತ್ತಿರಕ್ಕೇ ಇಟ್ಟುಕೊಳ್ಳಬೇಕೆಂಬುದು ಇದರಿಂದ ತಿಳಿಯುತ್ತದೆ.

ಈಗ ತಂಗುವ ವಿಷಯ. ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮದರ್ಶಿ ಸಂಸ್ಥೆ 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು 2,000 ಮೈಲಿ ಜಲಮಾರ್ಗವನ್ನು ನೋಡಿಕೊಳ್ಳುತ್ತಿದೆ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ಕಾಲುದಾರಿ ಇರುವ ದಡದಲ್ಲಿ, ಫಲಕದಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, ಸಾಮಾನ್ಯವಾಗಿ ಹದಿನಾಲ್ಕು ದಿನದವರೆಗೂ ದೋಣಿ ಕಟ್ಟಬಹುದು, ಬಾಡಿಗೆಯೇನೂ ಇಲ್ಲ. ಲೇಖನದಲ್ಲಿದ್ದ ಮಾತು ಇಷ್ಟರ ಮಟ್ಟಿಗೆ ನಿಜ. ಆದರೆ ಎದುರು ದಡ ಸಾಮಾನ್ಯವಾಗಿ ಖಾಸಗಿಯವರದು. ಊರುಗಳ ಹತ್ತಿರ 24 ಗಂಟೆ, 48 ಗಂಟೆ ಎಂದು ಮಿತಿ ಬರೆದಿರುತ್ತಾರೆ. ಲಾಕಿನ ಬಾಯಿಯಲ್ಲಿ, ಸೇತುವೆಯ ಕೆಳಗೆ, ತಿರುವಿನಲ್ಲಿ, ನೀರಿನ ನಲ್ಲಿಯ ಮುಂದೆ, ದೋಣಿ ತಿರುಗಿಸುವ ಜಾಗದಲ್ಲಿ ಕಟ್ಟಬಾರದು. ಇವನ್ನೆಲ್ಲ ಕಳೆದರೂ ಜಾಗ ಉಳಿಯುತ್ತದೆ, ಆದರೆ ಅಲ್ಲಿ ದಡ ಗಟ್ಟಿಯಾಗಿರಬೇಕು, ದೋಣಿಯ ತಳ ತಾಗದಷ್ಟು ನೀರಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, 60 ಅಡಿಯ ದೋಣಿಯನ್ನು ಬೇಕಾದಲ್ಲಿ ಹಿಂದಕ್ಕೆ ತಿರುಗಿಸಲಾಗುವುದಿಲ್ಲ ಎಂಬುದು. ನಾಲೆಯ ಅಗಲವೇ ಅಷ್ಟಿರುವುದಿಲ್ಲ. ತಿರುಗಿಸುವುದಕ್ಕೆಂದೇ ಅಲ್ಲಲ್ಲಿ ದಡವನ್ನು ಅಗೆದು ಅಗಲ ಮಾಡಿರುತ್ತಾರೆ, ಅವು ನಕಾಶೆಯಲ್ಲಿ ಗುರುತಾಗಿರುತ್ತವೆ. ಬಸ್ಸಿನಲ್ಲಿ ಇಳಿಯುವ ಜಾಗ ದಾಟಿದರೆ ಮುಂದಿನ ನಿಲ್ದಾಣದಿಂದ ನಡೆದು ಬರಬಹುದು. ದೋಣಿಯಲ್ಲಿ ಒಳ್ಳೆಯ ತಂಗುದಾಣವೊಂದನ್ನು ದಾಟಿದರೆ ಅದು ಆ ದಿನಕ್ಕೆ ತಪ್ಪಿಯೇ ಹೋಯಿತು. ಜೊತೆಗೆ ಕತ್ತಲಾದ ಮೇಲೆ ಬಾಡಿಗೆ ದೋಣಿಗಳು ಸಂಚರಿಸುವಂತಿಲ್ಲ.

ಇದನ್ನು ನಾವು ಕಲಿತದ್ದು ಎರಡನೆಯ ದಿನ, ಭಾನುವಾರ. ಎಲ್ಸ್‌ಮಿಯರ್ ಎಂಬ ಊರಿನಲ್ಲಿ ರಾತ್ರಿ ತಂಗುವುದು, ಅಲ್ಲಿ ಹಾಲು, ಮೊಸರು, ತರಕಾರಿ ಕೊಳ್ಳುವುದು, ನೀರು ತುಂಬಿಸುವುದು ಎಂದುಕೊಂಡಿದ್ದೆವು. ಮುಖ್ಯ ನಾಲೆಯಿಂದ ಒಂದು ಚಿಕ್ಕ ಕವಲು ಊರಿನೊಳಕ್ಕೆ ಹೋಗುತ್ತದೆ, ಅದರ ತುದಿಯಲ್ಲೇ ಸೂಪರ್‌ಮಾರ್ಕೆಟ್ ಇದೆ, ಸಾಮಾನು ಹೊರುವ ಕಷ್ಟವಿಲ್ಲ. ದಾರಿಯಲ್ಲಿ ಊಟಕ್ಕೆಂದು ಕೆರೆಯ ಪಕ್ಕ ನಿಂತವರು ಅಲ್ಲಿನ ಚೆಲುವಿಗೆ ಮನಸೋತು ಎರಡು ಗಂಟೆ ಕಳೆದೆವು. ಎಲ್ಸ್‌ಮಿಯರ್ ಸೇರಿದಾಗ ನಾಲ್ಕೂವರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 6ರ ನಡುವೆ ಸತತ ಆರು ಗಂಟೆ ಮಾತ್ರ ತೆರೆದಿರಬಹುದೆಂದು 1994ರ ಕಾಯಿದೆಯೇ ಇದೆ. ಹತ್ತಕ್ಕೆ ತೆರೆದ ಅಂಗಡಿ ನಾಲ್ಕಕ್ಕೆ ಮುಚ್ಚಿತ್ತು. ಕವಲಿನಲ್ಲಿ ಸಾಲಾಗಿ ದೋಣಿಗಳು ನಿಂತು ನಮಗೆ ಜಾಗವೇ ಇರಲಿಲ್ಲ. ನೀರಿನ ನಲ್ಲಿಯ ಮುಂದೆ ಎರಡು ದೋಣಿಗಳು ಸರದಿಯಲ್ಲಿದ್ದವು. "ಮುಂದೆ ಸಿಗುತ್ತದೆ ನಡೆಯಿರಿ" ಎಂದು ಯಜಮಾನರು ಹೇಳಿದರು, ನಾನೂ ಹೂಂ ಎಂದೆ. ಆ ದಿನದ ತಪ್ಪಿನಲ್ಲಿ ನಮ್ಮಿಬ್ಬರದೂ ಸಮಪಾಲು.

ಮುಂದೆ ಸಿಕ್ಕಿದ್ದು ಸಂಜೆ ಏಳರ ಸುಮಾರಿಗೆ, ಜೊಂಡು ಬೆಳೆದ ಮೆತ್ತನೆಯ ಮಣ್ಣಿನ ಒಂದು ದಡ. ಹಿಂದಿನ ದಿನ ಮಳೆಯಾಗಿತ್ತು. ಸುತ್ತಿಗೆಯಿಂದ ಎರಡು ಕಬ್ಬಿಣದ ಗೂಟಗಳನ್ನು ನೆಟ್ಟಗೆ ಹೊಡೆದು, ಹಗ್ಗವನ್ನು ನೇರವಾಗಿ ಬಿಗಿದು ಕಟ್ಟಿ ಮಲಗಿದೆವು. ಬೆಳಿಗ್ಗೆ ಆರೂವರೆಗೆ ಯಾವುದೋ ದೋಣಿ ಪಕ್ಕದಲ್ಲಿ ಹಾದು ಹೋದ ಸದ್ದಾಯಿತು, ನಮ್ಮ ದೋಣಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಜಗ್ಗಿತು. ಕಿಟಕಿಯಲ್ಲಿ ನೋಡಿದರೆ ದಡ ದೂರ ಸರಿಯುತ್ತಿದೆ. ಹಿಂದಿನ ಗೂಟ ಕಿತ್ತು ಬಂದು ಹಗ್ಗದ ತುದಿಯಲ್ಲಿ ನೀರಿನೊಳಗೆ ತೂಗುತ್ತಿತ್ತು, ದೋಣಿ ನಾಲೆಗೆ ಅಡ್ಡಲಾಗಿ ತಿರುಗತೊಡಗಿತ್ತು. ಅಳಿಯ ರಾತ್ರಿಯ ಬಟ್ಟೆಯಲ್ಲೇ ಚಾವಣಿಯ ಮೇಲಿದ್ದ ಉದ್ದನೆಯ ಗಳು ತೆಗೆದುಕೊಂಡು ಒತ್ತಿದರು. ಅಷ್ಟರಲ್ಲಿ ನಾಯಿ ಕರೆದುಕೊಂಡು ವಾಯುವಿಹಾರಕ್ಕೆ ಬಂದ ಹಿರಿಯರೊಬ್ಬರು ನಾವು ಎಸೆದ ಹಗ್ಗ ಹಿಡಿದು ದಡಕ್ಕೆ ಎಳೆದುಕೊಟ್ಟರು.

ಅವರು ತೋರಿಸಿಕೊಟ್ಟದ್ದು ಇಷ್ಟು. ಗೂಟವನ್ನು ನೆಟ್ಟಗೆ ಹೊಡೆಯಬಾರದು, ತಲೆ ದೋಣಿಯ ಎಳೆತಕ್ಕೆ ವಿರುದ್ಧವಾಗಿ ಓರೆಯಾಗುವಂತೆ ಹೊಡೆಯಬೇಕು. ಹಗ್ಗ ತಲೆಗಿರಬಾರದು, ನೆಲಕ್ಕೆ ಹತ್ತಿರ ಸುತ್ತಿರಬೇಕು. ಮುಂದಿನ ಹಗ್ಗ ಇನ್ನೂ ಮುಂದಕ್ಕೆ, ಹಿಂದಿನ ಹಗ್ಗ ಇನ್ನೂ ಹಿಂದಕ್ಕೆ ಓರೆಯಾಗಿ ಹೋದರೆ ದೋಣಿ ಹಿಂದೆ ಮುಂದೆ ಜಗ್ಗುವುದಿಲ್ಲ. ಅದನ್ನು ನೋಡುತ್ತಿದ್ದ ನನಗೆ, ದನಗಳ ಜಾತ್ರೆಯಲ್ಲಿ ನಮ್ಮ ತಂದೆ ಎತ್ತು ಕಟ್ಟಲು ಗೂಟ ಹೊಡೆಯುತ್ತಿದ್ದ ರೀತಿ ನೆನಪಾಯಿತು. ಅವರೂ ಓರೆಯಾಗಿಯೇ ಹೊಡೆಯುತ್ತಿದ್ದರು, ಹಗ್ಗವನ್ನು ಬುಡಕ್ಕೇ ಬಿಗಿಯುತ್ತಿದ್ದರು. ದಡಕ್ಕೆ ಕಬ್ಬಿಣದ ತಗಡು ಕಟ್ಟಿರುವ ಕಡೆ ಗೂಟವೇ ಬೇಡ, ತಗಡಿನ ಹಿಂದಿನ ಸಂದಿಗೆ ಸಿಕ್ಕಿಸುವ ಕೊಕ್ಕೆಗಳು ದೋಣಿಯಲ್ಲೇ ಇರುತ್ತವೆ. ಅಂಥ ದಡ ಎಲ್ಲಿದೆ ಎಂದು ಹುಡುಕಿಕೊಂಡು ನಿಲ್ಲುವುದೇ ಮೇಲು. ಗೂಟ ಹೊಡೆದರೆ ಅದರ ತಲೆಗೆ ಬಿಳಿಯ ಬಟ್ಟೆ ಕಟ್ಟಬೇಕು, ಕತ್ತಲಲ್ಲಿ ನಡೆಯುವವರೂ ಸೈಕಲ್ಲಿನವರೂ ಎಡವದಿರಲಿ ಎಂದು.

ಆ ಸೋಮವಾರದಿಂದ ನಾವು ಒಂದು ಕ್ರಮಕ್ಕೆ ಬಂದೆವು. ಬೆಳಿಗ್ಗೆ ಕಾಫಿಯ ಹೊತ್ತಿಗೆ ನಕಾಶೆ ಹರಡಿಕೊಂಡು ಆ ರಾತ್ರಿಯ ಜಾಗ ಗುರುತಿಸುವುದು, ಅದಕ್ಕೆ ಒಂದು ಗಂಟೆ ಮುಂಚಿನ ಒಂದು, ಒಂದು ಗಂಟೆ ಆಚೆಯದೊಂದು ಬದಲಿ ಜಾಗ ಬರೆದಿಟ್ಟುಕೊಳ್ಳುವುದು, ಏನೇ ಆದರೂ ನಾಲ್ಕು ಗಂಟೆಯೊಳಗೆ ಹಗ್ಗ ಕಟ್ಟುವುದು. ಆಗಸ್ಟ್‌ನಲ್ಲಿ ಅಲ್ಲಿ ರಾತ್ರಿ ಎಂಟರ ನಂತರವೂ ಬೆಳಕಿರುತ್ತದೆ, ಆ ಬೆಳಕೇ ಮೋಸ ಮಾಡುತ್ತದೆ. ಬೆಳಕಿದ್ದರೂ ಜಾಗವಿರುವುದಿಲ್ಲ. ಅಕ್ಟೋಬರ್ ಕೊನೆಯಲ್ಲಿ ಹೋಗುವವರು ಇನ್ನೂ ಎಚ್ಚರವಾಗಿರಬೇಕು. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ನವೆಂಬರಿನಿಂದ ಮಾರ್ಚಿಯವರೆಗೆ ದುರಸ್ತಿಗಾಗಿ ಅಲ್ಲಲ್ಲಿ ನಾಲೆಗಳನ್ನು ಮುಚ್ಚುವುದರಿಂದ ಹೊರಡುವ ಮುನ್ನ ಟ್ರಸ್ಟ್‌ನ ಪ್ರಕಟಣೆಗಳನ್ನು ನೋಡಲೇಬೇಕು.

ನೀರಿನ ಲೆಕ್ಕ ನಮ್ಮವರಿಗೆ ವಿಶೇಷವಾಗಿ ತಿಳಿದಿರಬೇಕು. ನಮ್ಮ ದೋಣಿಯ ತೊಟ್ಟಿ 500 ಲೀಟರಿನದು ಎಂದಿದ್ದರು. ತಲೆಗೆ 40 ಲೀಟರ್ ಎಂದರೂ ಐವರಿಗೆ ದಿನಕ್ಕೆ 200, ಎರಡೂವರೆ ದಿನಕ್ಕೆ ತಳ ಕಾಣುತ್ತದೆ. ಅಕ್ಕಿಯನ್ನು ಮೂರು ಸಲ ತೊಳೆಯುವ, ಪಾತ್ರೆಯನ್ನು ನಲ್ಲಿ ಬಿಟ್ಟುಕೊಂಡೇ ಉಜ್ಜುವ, ದಿನವೂ ತಲೆಗೆ ನೀರು ಹಾಕಿಕೊಳ್ಳುವ ನಮ್ಮ ರೂಢಿಗೆ ಅದೂ ಸಾಲದು. ಎಲ್ಸ್‌ಮಿಯರ್‌ನಲ್ಲಿ ಸರದಿ ಬಿಟ್ಟು ಬಂದ ನಮಗೆ ಸೋಮವಾರ ಮಧ್ಯಾಹ್ನ ನಲ್ಲಿ ಕೆಮ್ಮಿದಂತೆ ಸದ್ದು ಮಾಡಿ ನಿಂತುಹೋಯಿತು. ಬೇಳೆ ಅರ್ಧ ಬೆಂದಿತ್ತು. ಕುಡಿಯಲು ತಂದಿದ್ದ ಬಾಟಲಿ ನೀರಿನಲ್ಲೇ ಸಾರು ಮುಗಿಸಿದೆ. ನಾಲೆಯ ಕೊನೆಯ ಭಾಗದಲ್ಲಿ ಕಟ್ಟು ನೀರಿನ ಸರದಿಗಾಗಿ ರಾತ್ರಿಯೆಲ್ಲ ಗದ್ದೆಯ ಬದುವಿನಲ್ಲಿ ಕಾಯುವ ರೈತರನ್ನು ಕಂಡು ಬೆಳೆದ ನಾವು, ಅರ್ಧ ಗಂಟೆ ಕಾಯಲಾರದೆ ನಲ್ಲಿ ಬಿಟ್ಟು ಬಂದದ್ದಕ್ಕೆ ನಾನು ಬಹಳ ನೊಂದುಕೊಂಡೆ. ಆಮೇಲೆ ನಲ್ಲಿ ಕಂಡಲ್ಲೆಲ್ಲ, ಅರ್ಧ ತೊಟ್ಟಿ ಇದ್ದರೂ, ನಿಲ್ಲಿಸಿ ತುಂಬಿಸಿದೆವು. ಮುಕ್ಕಾಲು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಉಪ್ಪಿಟ್ಟು ಮಾಡಿ ತಿಂದು ಪಾತ್ರೆ ತೊಳೆದು ಮುಗಿಯುತ್ತದೆ. ಟ್ರಸ್ಟ್‌ನ ಸೌಲಭ್ಯಗಳ ಕೊಠಡಿಗಳಿಗೆ ಒಂದೇ ಬಗೆಯ ಕೀಲಿ ಇರುತ್ತದೆ, ಅದನ್ನು ದೋಣಿ ಪಡೆಯುವಾಗಲೇ ಕೇಳಿ ತೆಗೆದುಕೊಳ್ಳಬೇಕು.

ಶೌಚದ ವಿಷಯವನ್ನು ಸಂಕೋಚದಿಂದ ಯಾರೂ ಬರೆಯುವುದಿಲ್ಲ, ಆದರೆ ತಿಳಿಯದೆ ಹೋದರೆ ಕಷ್ಟ. ಕೆಲವು ದೋಣಿಗಳಲ್ಲಿ ಕೈಯಲ್ಲಿ ಎತ್ತಿ ಒಯ್ದು ಖಾಲಿ ಮಾಡುವ ಪೆಟ್ಟಿಗೆ ಇರುತ್ತದೆ, ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ, ನಿಗದಿಯಾದ ಜಾಗದಲ್ಲಷ್ಟೇ ಖಾಲಿ ಮಾಡಬೇಕು. ನಮ್ಮದರಲ್ಲಿ ಕೆಳಗೆ ದೊಡ್ಡ ತೊಟ್ಟಿ ಇತ್ತು, ವಾರಕ್ಕೆ ಸಾಕು ಎಂದಿದ್ದರು. ಅದು ಕಾಗದ ಬಳಸುವವರ ಲೆಕ್ಕ. ನೀರು ಬಳಸುವ ನಮ್ಮ ಪದ್ಧತಿಯಲ್ಲಿ ಬೇಗ ತುಂಬುತ್ತದೆ. ಹೀಗಾಗಿ ನಡುದಾರಿಯಲ್ಲಿ ಯಾವ ದೋಣಿ ನೆಲೆಯಲ್ಲಿ ಅದನ್ನು ಯಂತ್ರದಿಂದ ಖಾಲಿ ಮಾಡಿಕೊಡುತ್ತಾರೆಂದು ಮೊದಲೇ ಕೇಳಿ ನಕಾಶೆಯಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಅಡುಗೆಗೆ ನಾನು ಮಂಡ್ಯದಿಂದಲೇ ಒಯ್ದದ್ದು ರಾಗಿಹಿಟ್ಟು, ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಹುರಿದ ರವೆ, ಹುಣಸೆಹಣ್ಣು, ಉಪ್ಪಿನಕಾಯಿ. ಹಾಲು, ತುಪ್ಪ, ಖೋವಾ ಸೇರಿದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲ, ಅವನ್ನು ಅಲ್ಲಿಯೇ ಕೊಳ್ಳಬೇಕು. ಬೇಳೆ, ಅಕ್ಕಿ, ಹಸಿಮೆಣಸು, ಕೊತ್ತಂಬರಿ ಎಲ್ಲವನ್ನೂ ಮ್ಯಾಂಚೆಸ್ಟರಿನ ಅಂಗಡಿಯಲ್ಲೇ ಕೊಂಡು ಕಾರಿಗೆ ಹಾಕಿಕೊಂಡೆವು. ನಾಲೆಯ ದಡದ ಹಳ್ಳಿಗಳಲ್ಲಿ ಹಾಲು, ಬ್ರೆಡ್ಡು, ಆಲೂಗೆಡ್ಡೆ, ಈರುಳ್ಳಿ, ಟೊಮೆಟೊ ಸಿಕ್ಕರೆ ಹೆಚ್ಚು. ದೋಣಿಯ ಫ್ರಿಜ್ಜು ಚಿಕ್ಕದು, ಮೂರು ದಿನದ ಹಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಆದ್ದರಿಂದ ಮೂರು ದಿನಕ್ಕೊಂದು ಖರೀದಿ ಎಂದಿಟ್ಟುಕೊಂಡು, ಖರೀದಿಯ ಊರನ್ನೇ ಆ ರಾತ್ರಿಯ ತಂಗುದಾಣ ಮಾಡಿಕೊಂಡರೆ ಎರಡು ಕೆಲಸ ಒಂದರಲ್ಲಿ ಆಗುತ್ತದೆ. ಈ ನಾಲೆಯಲ್ಲಿ ಹಾಗೆ ಒದಗುವ ಊರುಗಳು ಎಲ್ಸ್‌ಮಿಯರ್ ಮತ್ತು ಲ್ಯಾಂಗೋಲೆನ್.

ಮಿಕ್ಸಿಯ ಆಸೆ ಬಿಡಬೇಕು. ದೋಣಿಯ ವಿದ್ಯುತ್ತು 12 ವೋಲ್ಟಿನ ಬ್ಯಾಟರಿಯದು, ಎಂಜಿನ್ ಓಡಿದಾಗ ತುಂಬಿಕೊಳ್ಳುತ್ತದೆ. ಹುರಿಗಡಲೆ, ಒಣಕೊಬ್ಬರಿಗಳನ್ನು ಪುಡಿ ಮಾಡಿ ಒಯ್ದಿದ್ದರೆ ಚಟ್ನಿಗೆ ನೀರು ಕಲಸಿ ಒಗ್ಗರಣೆ ಕೊಟ್ಟರೆ ಆಯಿತು. ಕಟ್ಟಿ ನಿಲ್ಲಿಸಿದ ದೋಣಿಯಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್ ಓಡಿಸಬಾರದೆಂಬ ನಿಯಮವಿರುವುದರಿಂದ ಫೋನುಗಳನ್ನು ಹಗಲೇ ಚಾರ್ಜು ಮಾಡಿಕೊಳ್ಳಬೇಕು. ನಮ್ಮ ದೋಣಿಯಲ್ಲಿ ಸ್ನಾನದ ನೀರೂ ಎಂಜಿನ್ನಿನ ಕಾವಿನಿಂದಲೇ ಕಾಯುತ್ತಿತ್ತು, ಹಾಗಾಗಿ ನಸುಕಿನಲ್ಲಿ ಸ್ನಾನ ಮಾಡುವ ನನ್ನ ನಲವತ್ತು ವರ್ಷದ ರೂಢಿಯನ್ನು ಆ ವಾರ ಸಂಜೆಗೆ ಬದಲಾಯಿಸಿಕೊಂಡೆ. ಅಡುಗೆ ಅನಿಲ ಅಲ್ಲಿ 13 ಕಿಲೋ ಸಿಲಿಂಡರ್, ನಮ್ಮ 14.2 ಕಿಲೋದ ಹತ್ತಿರವೇ. ಒಂದು ವಾರಕ್ಕೆ ಚಿಂತೆಯಿಲ್ಲ. ಚಿಂತೆ ಇರುವುದು ಗಾಳಿಯ ಬಗ್ಗೆ. ದೋಣಿಯ ಚಾವಣಿಯಲ್ಲೂ ಬಾಗಿಲಿನ ಕೆಳಭಾಗದಲ್ಲೂ ಗಾಳಿಗಂಡಿಗಳಿರುತ್ತವೆ, ಮೊದಲ ರಾತ್ರಿ ಚಳಿ ತಡೆಯದೆ ನಾನೇ ಒಂದಕ್ಕೆ ಟವೆಲ್ ತುರುಕಿದ್ದೆ. ಅಳಿಯ ನೋಡಿ ತಕ್ಷಣ ತೆಗೆದರು. ಒಲೆ ಉರಿಯುವ ಇಕ್ಕಟ್ಟಾದ ಜಾಗದಲ್ಲಿ ಗಾಳಿಯಾಡದಿದ್ದರೆ ವಾಸನೆಯೇ ಇಲ್ಲದ ವಿಷಾನಿಲ ತುಂಬಿ ನಿದ್ದೆಯಲ್ಲೇ ಪ್ರಾಣ ಹೋಗಬಹುದು. ನಮ್ಮ ಹಿರಿಯರು ಚಳಿಗೆ ಇನ್ನೊಂದು ಕಂಬಳಿ ಹೊದೆಯಲಿ, ಗಾಳಿಗಂಡಿ ಮಾತ್ರ ಮುಚ್ಚಬಾರದು.

ಮುದ್ದೆ ತೊಳಸಿದ ಪಾತ್ರೆ, ಎಣ್ಣೆ ಹಿಡಿದ ಬಾಣಲೆಗಳನ್ನು ಮೊದಲು ಕಾಗದದಿಂದ ಚೆನ್ನಾಗಿ ಒರೆಸಿ ಆಮೇಲೆ ತೊಳೆಯಬೇಕೆಂದು ಮಗಳು ನಿಯಮ ಮಾಡಿದ್ದಳು. ದೋಣಿಯ ಬಚ್ಚಲು ನೀರು ನೇರವಾಗಿ ನಾಲೆಗೇ ಬೀಳುತ್ತದೆ, ಆ ನಾಲೆಯ ನೀರನ್ನು ಮುಂದೆ ಯಾರೋ ಕುಡಿಯುತ್ತಾರೆ. ಕೆ.ಆರ್.ಎಸ್. ನೀರು ಕುಡಿದು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ಬಗ್ಗೆ ಒಂದು ಮಾತು. ನಾಲೆ ಎಂದರೆ ಭಯಪಟ್ಟು ದೂರವಿರುವಂತೆ ನಮ್ಮ ಮಕ್ಕಳಿಗೆ ಕಲಿಸಿದ್ದೇವೆ, ಕಲಿಸಲೇಬೇಕು. 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಬಿದ್ದು 30 ಜನ ಹೋದದ್ದನ್ನು ಈ ಜಿಲ್ಲೆ ಮರೆಯುವುದಿಲ್ಲ. ಅಲ್ಲಿನ ನಾಲೆಗಳು ನಮ್ಮದರಷ್ಟು ಆಳವೂ ಇಲ್ಲ, ರಭಸವೂ ಇಲ್ಲ. ಆದರೆ ಲಾಕಿನ ಒಳಗೆ ಆಳವಿದೆ, ಅಂಚು ಜಾರುತ್ತದೆ. ಮೊಮ್ಮಗನಿಗೆ ಎಚ್ಚರವಿದ್ದಷ್ಟು ಹೊತ್ತೂ ತೇಲುವ ಜಾಕೆಟ್ಟು ಹಾಕಿಸಿಯೇ ಇಟ್ಟಿದ್ದೆವು. 1805ರಲ್ಲಿ ಮುಗಿದ ಪಾಂಟ್‌ಕಸಲ್ಟಿ ಮೇಲ್ಗಾಲುವೆಯನ್ನು ದಾಟುವಾಗಂತೂ ಅವನನ್ನು ಒಳಗೇ ಕೂರಿಸಿದೆ. ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ ಕಬ್ಬಿಣದ ದೋಣಿಯಂಥ ತೊಟ್ಟಿಯೊಂದರಲ್ಲಿ ನಾಲೆ ಹಾದುಹೋಗುತ್ತದೆ, ಒಂದು ಪಕ್ಕಕ್ಕೆ ಕಾಲುದಾರಿ ಮತ್ತು ಕಂಬಿ ಇದೆ, ಇನ್ನೊಂದು ಪಕ್ಕಕ್ಕೆ ಏನೂ ಇಲ್ಲ. ಅದರ ಮೇಲೆ ಎರಡು ದೋಣಿ ಎದುರುಬದುರಾಗಲು ಬರುವುದಿಲ್ಲ. ಅದಕ್ಕೆ ಮೊದಲು ಸಿಗುವ 420 ಮೀಟರಿನ ಚರ್ಕ್ ಸುರಂಗದಲ್ಲೂ ಹಾಗೆಯೇ. ಎದುರಿನವರು ಬರುವವರೆಗೆ ಕಾಯಬೇಕಾದ್ದರಿಂದ ಆ ದಿನದ ಲೆಕ್ಕಕ್ಕೆ ಒಂದು ಗಂಟೆ ಹೆಚ್ಚು ಹಿಡಿಯಿರಿ.

ಲ್ಯಾಂಗೋಲೆನ್ ಊರಿನಲ್ಲಿ ತಂಗಲು ಶುಲ್ಕವಿದೆ, ಕೊಡುವುದು ಸಾರ್ಥಕ. ನೀರೂ ವಿದ್ಯುತ್ತೂ ಅಲ್ಲೇ ಸಿಗುತ್ತವೆ, ಅಂಗಡಿಗಳು ಐದು ನಿಮಿಷದ ದಾರಿ. ಎಂಜಿನ್ ದೋಣಿಗಳಿಗೆ ಅದೇ ಕೊನೆ. ಅಲ್ಲಿಂದ ಹಾರ್ಸ್‌ಶೂ ಫಾಲ್ಸ್‌ವರೆಗೆ ದಡದ ಮೇಲೆ ನಡೆದೇ ಹೋಗಬೇಕು, ಕುದುರೆ ಎಳೆಯುವ ದೋಣಿಯೂ ಉಂಟು. ನಮ್ಮ ಯಜಮಾನರು ಆ ಒಡ್ಡಿನ ಮುಂದೆ ನಿಂತು, ನಾಲೆಗೆ ನೀರು ತಿರುಗುವ ಬಾಯನ್ನು ಅರ್ಧ ಗಂಟೆ ನೋಡಿದರು. ಆ ಅರ್ಧ ಗಂಟೆ ಸಿಕ್ಕಿದ್ದು, ಆ ದಿನ ನಾವು ಮಧ್ಯಾಹ್ನ ಒಂದಕ್ಕೇ ದೋಣಿ ಕಟ್ಟಿದ್ದರಿಂದ.

ಪ್ರವಾಸ ಲೇಖನಗಳ ಜೊತೆಗೆ ಒಂದು ಚೌಕಟ್ಟಿನಲ್ಲಾದರೂ ಇಂಥ ವಿವರಗಳನ್ನು, ದೂರ, ನೀರಿನ ನಲ್ಲಿ, ಅಂಗಡಿಯ ವೇಳೆ, ತಂಗುವ ನಿಯಮಗಳನ್ನು, ತಾವು ಪ್ರಕಟಿಸಬೇಕೆಂದು ಕೋರುತ್ತೇನೆ. ಸಾಲ ಮಾಡಿ ಟಿಕೆಟ್ ಕೊಂಡು ಮಕ್ಕಳನ್ನು ನೋಡಲು ಹೋಗುವ ನಮ್ಮ ಊರಿನವರಿಗೆ ಚಿತ್ರಗಳಷ್ಟೇ ಇವೂ ಬೇಕು.

ಕೊನೆಯ ರಾತ್ರಿಯ ಬಗ್ಗೆ ಬರೆಯದೆ ಈ ಪತ್ರ ಮುಗಿಸುವಂತಿಲ್ಲ. ದೋಣಿಯನ್ನು ನಾವು ಶನಿವಾರ ಬೆಳಿಗ್ಗೆ 9ಕ್ಕೆ ಒಪ್ಪಿಸಬೇಕಾಗಿತ್ತು, 8ಕ್ಕೆ ಮುಂಚೆ ಎಂಜಿನ್ ಶುರು ಮಾಡಿ ಪಕ್ಕದ ದೋಣಿಯವರ ನಿದ್ದೆ ಕೆಡಿಸುವುದು ಸರಿಯಲ್ಲ. ಆದ್ದರಿಂದ ಶುಕ್ರವಾರದ ತಂಗುದಾಣ ದೋಣಿ ನೆಲೆಯಿಂದ ಮುಕ್ಕಾಲು ಗಂಟೆಗಿಂತ ದೂರವಿರಬಾರದೆಂದು ಬುಧವಾರವೇ ನಿರ್ಧರಿಸಿದ್ದೆವು. ಶುಕ್ರವಾರ ಮೂರೂವರೆಗೆ ಕಬ್ಬಿಣದ ತಗಡಿನ ದಡ ನೋಡಿ ಕೊಕ್ಕೆ ಸಿಕ್ಕಿಸಿ, ಉಳಿದಿದ್ದ ರಾಗಿಹಿಟ್ಟಿನಲ್ಲಿ ಐದು ಮುದ್ದೆ ಕಟ್ಟಿದೆ. ಹಿಟ್ಟಿನ ಡಬ್ಬ ಅಂದಿಗೆ ಸರಿಯಾಗಿ ಖಾಲಿಯಾಯಿತು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ, ಮಂಡ್ಯ